ನಾದಕ್ಕೊಂದು ನೆಲೆ

ಶಿಲ್ಪಿ ಕಡೆದ ವಿಗ್ರಹ ಅವನ ಕಾಲಾನಂತರವೂ ನಿಲ್ಲುತ್ತದೆ. ಬೇಲೂರಿನ ಮದನಿಕೆಯರನ್ನು ಕಂಡರಿಸಿದ ಕೈಗಳು ಮಣ್ಣಾಗಿ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿದ್ದರೂ ಆ ಕೈಗಳ ಕುಶಲತೆಯನ್ನು ನಾವು ಇಂದಿಗೂ ಕಣ್ಣಾರೆ ಕಾಣಬಲ್ಲೆವು. ಕವಿಯ ಮಾತು ಓಲೆಗರಿಯಲ್ಲಿ ಉಳಿದು ತಲೆಮಾರುಗಳನ್ನು ದಾಟಿ ಬರುತ್ತದೆ. ಸಂಗೀತಗಾರನ ಪಾಡು ಹಾಗಲ್ಲ. ಅವನು ಹೊಮ್ಮಿಸಿದ ನಾದ ಹುಟ್ಟಿದ ಕ್ಷಣದಲ್ಲಿಯೇ ಅಳಿಯತೊಡಗುತ್ತದೆ. ಕೃತಿಯನ್ನು ಸ್ವರಲಿಪಿಯಲ್ಲಿ ಬರೆದಿಡಬಹುದು. ಆದರೆ ಒಬ್ಬ ಕಲಾವಿದ ಒಂದು ಸಂಜೆ, ಒಂದು ಸಭೆಯ ಮುಂದೆ ಅದಕ್ಕೆ ತುಂಬಿದ ಜೀವವನ್ನು ಯಾವ ಲಿಪಿಯೂ ಬರೆದಿಡಲಾರದು.

1877ರಲ್ಲಿ ಅಮೆರಿಕದ ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದಾಗ, ಹೀಗೆ ಅಳಿದುಹೋಗುವ ನಾದಕ್ಕೂ ಒಂದು ನೆಲೆ ದೊರೆಯಿತು. ಆಡಿದ ಮಾತನ್ನೂ ಹಾಡಿದ ಹಾಡನ್ನೂ ಯಂತ್ರ ಮರಳಿ ನುಡಿಯತೊಡಗಿತು. ಆದರೆ ಎಲ್ಲ ನಾದಗಳೂ ಯಂತ್ರಕ್ಕೆ ಸಮಾನವಾಗಿ ಒಲಿಯಲಿಲ್ಲ. ಅವುಗಳಲ್ಲಿ ಅತ್ಯಂತ ಹಠಮಾರಿಯಾದುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ರಮುಖ ವಾದ್ಯವಾದ ಪಿಯಾನೋ. ಅದನ್ನು ತುಂಬಿದ ಸಭೆಯಲ್ಲಿ ನುಡಿಸುತ್ತಿರುವಾಗಲೇ ಮುದ್ರಿಸಿಕೊಳ್ಳುವುದಂತೂ ಧ್ವನಿಮುದ್ರಣಕಾರನ ವಿದ್ಯೆಗೂ ವಿವೇಕಕ್ಕೂ ಏಕಕಾಲದಲ್ಲಿ ಒದಗುವ ಪರೀಕ್ಷೆ.

ಈ ಕಷ್ಟದ ಸ್ವರೂಪವನ್ನು ಅರಿಯಲು ಮೊದಲು ವಾದ್ಯದ ರಚನೆಯನ್ನು ತಿಳಿಯಬೇಕು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಸುಮಾರು 1700ರ ಹೊತ್ತಿಗೆ ಈ ವಾದ್ಯವನ್ನು ರೂಪಿಸಿದನು. ನೋಟಕ್ಕೆ ಅದರ ಬಿಳಿ ಕಪ್ಪು ಕೀಲಿಗಳು ಹಾರ್ಮೋನಿಯಂ ಅನ್ನು ನೆನಪಿಗೆ ತರುತ್ತವೆ. ಆದರೆ ಹಾರ್ಮೋನಿಯಂ ಗಾಳಿಯಿಂದ ನುಡಿಯುವ ವಾದ್ಯ; ಪಿಯಾನೋ ತಂತಿಯ ವಾದ್ಯ. ಕೀಲಿಯನ್ನು ಒತ್ತಿದೊಡನೆ ಒಳಗಿರುವ, ಉಣ್ಣೆಯ ದಪ್ಪ ಹೊದಿಕೆಯುಳ್ಳ ಚಿಕ್ಕ ಸುತ್ತಿಗೆಯೊಂದು ಚಿಮ್ಮಿ ತಂತಿಯನ್ನು ಹೊಡೆದು ಹಿಂದೆ ಸರಿಯುತ್ತದೆ. ತಂತಿಯ ಕಂಪನ ಮರದ ಹಲಗೆಗೆ ಹರಿದು, ಅಲ್ಲಿಂದ ಗಾಳಿಯಲ್ಲಿ ಹಬ್ಬುತ್ತದೆ. ಕಚೇರಿಗಳಲ್ಲಿ ಬಳಸುವ ದೊಡ್ಡ ಪಿಯಾನೋ ಸುಮಾರು 9 ಅಡಿ ಉದ್ದವಿದ್ದು ಅದರಲ್ಲಿ 88 ಕೀಲಿಗಳೂ ಸುಮಾರು 230 ತಂತಿಗಳೂ ಇರುತ್ತವೆ. ಆ ತಂತಿಗಳ ಒಟ್ಟು ಬಿಗಿತ ಹತ್ತಾರು ಟನ್‌ಗಳಷ್ಟಿರುವುದರಿಂದ ಅದನ್ನು ತಾಳಿಕೊಳ್ಳಲು ಎರಕದ ಕಬ್ಬಿಣದ ಚೌಕಟ್ಟು ಬೇಕು.

ಮೆದುವಾಗಿಯೂ ಗಟ್ಟಿಯಾಗಿಯೂ ನುಡಿಯಬಲ್ಲ ವಾದ್ಯ ಎಂಬುದೇ ಇದರ ಮೂಲ ಇಟಾಲಿಯನ್ ಹೆಸರಿನ ತಾತ್ಪರ್ಯ. ಧ್ವನಿಮುದ್ರಣಕಾರನ ಮೊದಲ ತೊಡಕು ಈ ಹೆಸರಿನಲ್ಲಿಯೇ ಅಡಗಿದೆ. ಒಂದೇ ಕೃತಿಯಲ್ಲಿ ಪಿಯಾನೋ ಪಿಸುಮಾತಿನಷ್ಟು ಮೆಲ್ಲಗೆ ನುಡಿದು, ಮರುಕ್ಷಣವೇ ಗುಡುಗಿನಂತೆ ಮೊಳಗಬಲ್ಲದು. ಅತಿ ಮಂದ್ರದಿಂದ ಅತಿ ತಾರದವರೆಗೆ ಏಳಕ್ಕೂ ಹೆಚ್ಚು ಸ್ಥಾಯಿಗಳು ಅದರ ವ್ಯಾಪ್ತಿಯಲ್ಲಿವೆ. ಅಲ್ಲದೆ ಪಿಟೀಲಿನ ಕಮಾನು ನಾದವನ್ನು ಎಳೆದು ಪೋಷಿಸುವಂತೆ ಇಲ್ಲಿ ಪೋಷಿಸುವ ಸಾಧನವಿಲ್ಲ. ಸುತ್ತಿಗೆ ತಗುಲಿದ ಕ್ಷಣದಲ್ಲಿ ನಾದ ಥಟ್ಟನೆ ಹುಟ್ಟುತ್ತದೆ. ಆಮೇಲೆ ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಆ ಹುಟ್ಟಿನ ತೀಕ್ಷ್ಣತೆಯನ್ನೂ ಅಳಿವಿನ ಮಾರ್ದವವನ್ನೂ ಯಂತ್ರ ಒಟ್ಟಿಗೆ ಹಿಡಿಯಬೇಕು. ಮುದ್ರಣಯಂತ್ರದ ವೇಗದಲ್ಲಿ ಒಂದಿಷ್ಟು ಏರುಪೇರಾದರೂ ಪಿಯಾನೋವಿನ ಸ್ವರ ಅಲುಗಾಡಿದಂತೆ ಕೇಳಿಸಿ ದೋಷ ಕೂಡಲೇ ಬಯಲಾಗುತ್ತದೆ.

ಆರಂಭದ ಯಂತ್ರಗಳು ಈ ಪರೀಕ್ಷೆಯಲ್ಲಿ ಸೋತುದರಲ್ಲಿ ಆಶ್ಚರ್ಯವಿಲ್ಲ. 1889ರ ಡಿಸೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ಎಡಿಸನ್ನನ ಪ್ರತಿನಿಧಿಯೊಬ್ಬನು ಪ್ರಸಿದ್ಧ ಸಂಗೀತಕಾರ ಯೋಹಾನೆಸ್ ಬ್ರಾಮ್ಸ್‌ನ ಪಿಯಾನೋವಾದನವನ್ನು ಮೇಣದ ಉರುಳೆಯ ಮೇಲೆ ಮುದ್ರಿಸಿಕೊಂಡನು. ಆ ಉರುಳೆಯ ಧ್ವನಿಯ ಪ್ರತಿ ಇಂದಿಗೂ ಉಳಿದಿದೆ. ಆದರೆ ಅದರಲ್ಲಿ ಕರಕರ ಸದ್ದಿನ ನಡುವೆ ಸಂಗೀತವನ್ನು ಹುಡುಕಬೇಕಾಗುತ್ತದೆ. ಮುಂದಿನ ಮೂರು ದಶಕಗಳಲ್ಲಿ ಧ್ವನಿಯನ್ನು ಕಹಳೆಯಾಕಾರದ ಕೊಳವೆಯೊಂದರ ಮೂಲಕ ಹಿಡಿಯುತ್ತಿದ್ದರು. ಎತ್ತರದ ಕಂಠದ ಗಾಯಕರಿಗೆ ಅದು ಒಪ್ಪಿತು. ಪಿಯಾನೋವಿನ ಮಂದ್ರ ನಾದವನ್ನು ಮಾತ್ರ ಅದು ಗ್ರಹಿಸಲಾರದಾಯಿತು. ಪಿಯಾನೋವಿನ ಹಿಂಬದಿಯ ಹಲಗೆಯನ್ನು ಕಳಚಿ, ವಾದ್ಯವನ್ನು ಕೊಳವೆಯ ಬಾಯಿಗೆ ಎದುರಾಗಿ ನಿಲ್ಲಿಸುತ್ತಿದ್ದುದೂ ಉಂಟು.

1925ರಲ್ಲಿ ಮೈಕ್ರೋಫೋನಿನ ಮೂಲಕ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದಾಗ ವಾದ್ಯದ ನಿಜವಾದ ದನಿ ಕೇಳಿಸತೊಡಗಿತು. ಆದರೂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ನಾಲ್ಕೈದು ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸದೆ ಬೇರೆ ದಾರಿಯಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಕಾಂತೀಯ ಟೇಪು ಜಗತ್ತಿನಲ್ಲೆಲ್ಲ ಹರಡಿತು. 1948ರಲ್ಲಿ ದೀರ್ಘಾವಧಿಯ ಗಾನಮುದ್ರಿಕೆಯೂ ಬಂದಿತು. ಅಂದಿನಿಂದ ಇಡೀ ಕಚೇರಿಯನ್ನು ತಡೆಯಿಲ್ಲದೆ ಮುದ್ರಿಸಿ ಜನರಿಗೆ ತಲಪಿಸುವುದು ಸುಲಭಸಾಧ್ಯವಾಯಿತು.

ಈ ಚರಿತ್ರೆಯಲ್ಲಿ ಮೈಸೂರಿನ ಪಾಲೂ ಉಂಟೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಪರಿಶ್ರಮವುಳ್ಳವರಾಗಿದ್ದರು. ರಷ್ಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಿದ್ವಾಂಸನು ಮುಪ್ಪಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದನು. 1940ರ ದಶಕದ ಕೊನೆಯಲ್ಲಿ ಒಡೆಯರು ಅವನ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸಲು ನೆರವಾದರು. ಮೆಟ್ನರ್ ಕೃತಜ್ಞತೆಯಿಂದ ತನ್ನ ಮೂರನೆಯ ಪಿಯಾನೋ ಕನ್ಸರ್ಟೊ ಕೃತಿಯನ್ನು ಅವರಿಗೆ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡನು. ದೂರದ ಮೈಸೂರಿನ ಔದಾರ್ಯವಿಲ್ಲದಿದ್ದರೆ ಅವನ ವಾದನದ ಬಹುಭಾಗ ಅವನೊಂದಿಗೇ ಮರೆಯಾಗುತ್ತಿತ್ತು.

ಮೆಟ್ನರನ ಆ ಮುದ್ರಣಗಳು ನಡೆದುದು ಧ್ವನಿಮುದ್ರಣ ಮಂದಿರದಲ್ಲಿ. ಅಲ್ಲಿ ಹೊರಗಿನ ಸದ್ದಿಗೆ ಪ್ರವೇಶವಿಲ್ಲ. ಬೆರಳು ತಪ್ಪಿದರೆ ಮತ್ತೆ ನುಡಿಸಬಹುದು. ಶ್ರುತಿ ಇಳಿದರೆ ಸರಿಪಡಿಸಬಹುದು. ಸಭಾಂಗಣದಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಲ್ಲಿ ಕಾಲ ಒಮ್ಮೆ ಮಾತ್ರ ಹರಿಯುತ್ತದೆ.

ಸಭಾಂಗಣದಲ್ಲಿ ಧ್ವನಿಮುದ್ರಣಕಾರನು ಮೊದಲು ಬಿಡಿಸಬೇಕಾದ ಪ್ರಶ್ನೆ ಮೈಕ್ರೋಫೋನನ್ನು ಎಲ್ಲಿ ಇರಿಸಬೇಕೆಂಬುದು. ಅದನ್ನು ತಂತಿಗಳಿಗೆ ತೀರ ಹತ್ತಿರವಿರಿಸಿದರೆ ಪ್ರತಿಯೊಂದು ಸ್ವರವೂ ಸ್ಪಷ್ಟವಾಗಿ ದೊರೆಯುತ್ತದೆ. ಆದರೆ ಜೊತೆಯಲ್ಲಿಯೇ ಸುತ್ತಿಗೆಯ ಬಡಿತ, ಪೆಡಲಿನ ಕಿರುಗುಟ್ಟುವಿಕೆ, ವಾದಕನ ಉಸಿರು ಇವೆಲ್ಲವೂ ನುಗ್ಗಿ ಬರುತ್ತವೆ. ದೂರವಿರಿಸಿದರೆ ನಾದ ಸಭಾಂಗಣದ ಗೋಡೆ ಮಾಡುಗಳಿಂದ ಮರಳಿ ಬಂದ ಅನುರಣನದೊಂದಿಗೆ ಬೆರೆತು ಗಂಭೀರವಾಗುತ್ತದೆ. ಆದರೆ ವೇಗದ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇವೆರಡರ ನಡುವಣ ಸರಿಯಾದ ತಾಣವನ್ನು ಕಿವಿಯೇ ಹುಡುಕಬೇಕು. ಹುಡುಕಿದ ತಾಣವೂ ಕೆಲವೊಮ್ಮೆ ದಕ್ಕುವುದಿಲ್ಲ. ಹಣ ತೆತ್ತು ಬಂದ ಶ್ರೋತೃವಿಗೂ ವಾದಕನಿಗೂ ನಡುವೆ ಕಂಬಗಳನ್ನು ನೆಟ್ಟು ನೋಟಕ್ಕೆ ಅಡ್ಡಿಮಾಡುವಂತಿಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಮಧ್ಯಾಹ್ನ ಬರಿದಾದ ಸಭಾಂಗಣದಲ್ಲಿ ಪರೀಕ್ಷಿಸಿ ನಿಶ್ಚಯಿಸಿದ ಧ್ವನಿ ಸಂಜೆಯ ಹೊತ್ತಿಗೆ ಹಾಗೆಯೇ ಉಳಿದಿರುವುದಿಲ್ಲ. ಜನರ ಮೈ ಮತ್ತು ಉಡುಪುಗಳು ನಾದವನ್ನು ಹೀರಿಕೊಳ್ಳುತ್ತವೆ. ಸಾಮಾನುಗಳಿಲ್ಲದ ಮನೆಯಲ್ಲಿ ಮಾತು ಮೊಳಗುವುದನ್ನೂ, ಜನ ತುಂಬಿದಾಗ ಆ ಮೊಳಗು ಅಡಗುವುದನ್ನೂ ಎಲ್ಲರೂ ಬಲ್ಲರು. ದೀಪಗಳ ಶಾಖದಿಂದಲೂ ಜನರ ಉಸಿರಿನಿಂದಲೂ ಗಾಳಿಯ ಉಷ್ಣತೆ ತೇವಗಳು ಬದಲಾಗಿ ವಾದ್ಯದ ಶ್ರುತಿಯೂ ಅಲುಗಬಹುದು. ಶ್ರುತಿ ಮಾಡುವ ಕುಶಲಿಗೆ ವಿರಾಮದ ಕೆಲವು ನಿಮಿಷಗಳಲ್ಲದೆ ಬೇರೆ ಅವಕಾಶವಿಲ್ಲ.

ಧ್ವನಿಯ ಮಟ್ಟವನ್ನು ನಿಗದಿಪಡಿಸುವುದೂ ಅಷ್ಟೇ ಕಠಿಣವಾದುದು. ಯಂತ್ರಕ್ಕೆ ತಾಳಬಲ್ಲ ಮಿತಿಯೊಂದಿದೆ. ಅದನ್ನು ಮೀರಿ ನಾದ ಬಂದರೆ ಮುದ್ರಣ ಒಡೆದಂತೆ ಕೇಳಿಸುತ್ತದೆ. ಮಿತಿಗೆ ಅಂಜಿ ಮಟ್ಟವನ್ನು ಬಹಳ ತಗ್ಗಿಸಿದರೆ, ಟೇಪಿನ ಕಾಲದಲ್ಲಿ ಮೆದುವಾದ ಸ್ವರಗಳು ಟೇಪಿನ ಹಿಸ್ಸೆಂಬ ಸದ್ದಿನಲ್ಲಿ ಮುಳುಗುತ್ತಿದ್ದವು. ಅಭ್ಯಾಸದ ವೇಳೆ ಸಂಯಮದಿಂದ ನುಡಿಸಿದ ವಾದಕನು ಸಂಜೆ ಸಭೆಯ ಉತ್ಸಾಹಕ್ಕೆ ಸ್ಪಂದಿಸಿ ಇಮ್ಮಡಿ ಬಲದಿಂದ ನುಡಿಸಬಹುದು. ಅದನ್ನು ಮುಂಚಿತವಾಗಿ ಬಲ್ಲವರು ಯಾರು? ಇಂದಿನ ಡಿಜಿಟಲ್ ಯಂತ್ರಗಳಲ್ಲಿ ಟೇಪಿನ ಸದ್ದಿಲ್ಲ. ಮೆದುವಿಗೂ ಗಟ್ಟಿಗೂ ನಡುವೆ ಅವಕಾಶ ಹೆಚ್ಚು. ಆದರೆ ಅವುಗಳಲ್ಲಿಯೂ ಮಿತಿ ಮೀರಿದ ನಾದ ಕತ್ತರಿಸಿಹೋಗುತ್ತದೆ. ಧ್ವನಿಮುದ್ರಣಕಾರನ ಎಚ್ಚರಕ್ಕೆ ಇಂದಿಗೂ ಬಿಡುವು ದೊರೆತಿಲ್ಲ.

ಇವೆಲ್ಲವೂ ವಿದ್ಯೆಯಿಂದ ಗೆಲ್ಲಬಹುದಾದ ಕಷ್ಟಗಳು. ಸಭೆಯ ಸದ್ದು ಅವನ ಕೈಯಲ್ಲಿಲ್ಲ. ಸಭೆಯಲ್ಲಿ ಕುಳಿತವನ ಕಿವಿ ಮನಸ್ಸಿನ ಆಜ್ಞೆಯಂತೆ ನಡೆಯುತ್ತದೆ. ಪಕ್ಕದವರ ಕೆಮ್ಮನ್ನು ಬದಿಗೊತ್ತಿ ಸಂಗೀತವನ್ನಷ್ಟೆ ಆರಿಸಿಕೊಳ್ಳುತ್ತದೆ. ಮೈಕ್ರೋಫೋನಿಗೆ ಕಿವಿಯುಂಟು, ಮನಸ್ಸಿಲ್ಲ. ಅದಕ್ಕೆ ಸ್ವರವೂ ಒಂದೇ, ಕೆಮ್ಮೂ ಒಂದೇ.

1958ರ ಫೆಬ್ರವರಿ 25ರಂದು ಬಲ್ಗೇರಿಯದ ರಾಜಧಾನಿ ಸೋಫಿಯಾದಲ್ಲಿ ಸೋವಿಯತ್ ವಾದಕ ಸ್ವಿಯಾತೊಸ್ಲಾವ್ ರಿಕ್ಟರನ ಕಚೇರಿ ನಡೆಯಿತು. ಮುಸೋರ್ಗ್‌ಸ್ಕಿ 1874ರಲ್ಲಿ ರಚಿಸಿದ ‘ಚಿತ್ರಪ್ರದರ್ಶನದ ಚಿತ್ರಗಳು’ ಎಂಬ ದೀರ್ಘ ಕೃತಿಯನ್ನು ಅವನು ಅಂದು ನುಡಿಸಿದನು. ಚಳಿಗಾಲದ ದಿನ; ಸಭೆಯಲ್ಲಿ ನೆಗಡಿ ಕೆಮ್ಮುಗಳಿಗೆ ಬರವಿರಲಿಲ್ಲ. ಮುದ್ರಣದುದ್ದಕ್ಕೂ ಶ್ರೋತೃಗಳ ಕೆಮ್ಮು ಮತ್ತೆ ಮತ್ತೆ ಕೇಳಿಬರುತ್ತದೆ. ಪಿಯಾನೋವಿನ ದನಿಯೂ ಅಷ್ಟೇನೂ ನಿರ್ಮಲವಾಗಿಲ್ಲ. ಅಲ್ಲಲ್ಲಿ ಅಪಸ್ವರಗಳೂ ಇಲ್ಲದಿಲ್ಲ. ಇಷ್ಟಿದ್ದೂ ಈ ಮುದ್ರಣ ಆ ಕೃತಿಯ ಅತ್ಯುತ್ತಮ ವಾದನಗಳಲ್ಲೊಂದೆಂದು ಜಗತ್ತಿನಾದ್ಯಂತ ಮನ್ನಣೆ ಪಡೆಯಿತು. ಪಾಶ್ಚಾತ್ಯ ದೇಶಗಳಲ್ಲಿ ಅನೇಕರು ರಿಕ್ಟರನನ್ನು ಕಣ್ಣಾರೆ ಕಾಣುವುದಕ್ಕೆ ಮೊದಲೇ ಈ ಮುದ್ರಿಕೆಯಿಂದ ಅವನ ಹಿರಿಮೆಯನ್ನು ಅರಿತರು. ಕೆಮ್ಮುಗಳ ನಡುವೆಯೂ ಒಂದು ಮಹಾಶಕ್ತಿ ಆ ಸಂಜೆ ಮೈದೋರಿದುದು ಯಾರಿಗಾದರೂ ವಿದಿತವಾಗುತ್ತದೆ.

ಸಭೆಯ ಸದ್ದಿಗಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ವಾದಕನ ಕೈಯೇ ತಪ್ಪಿದರೆ ಮಾಡುವುದೇನು? ಟೇಪು ಬಂದ ಮೇಲೆ ದೋಷವುಳ್ಳ ಭಾಗವನ್ನು ಕತ್ತರಿಸಿ ತೆಗೆದು, ಅದೇ ಭಾಗವನ್ನು ಸರಿಯಾಗಿ ನುಡಿಸಿದ ಬೇರೊಂದು ತುಣುಕನ್ನು ಅಂಟಿಸುವುದು ಸಾಧ್ಯವಾಯಿತು. ಕುಶಲಿ ಮಾಡಿದ ಜೋಡಣೆಯ ಗುರುತು ಕೇಳುವವರಿಗೆ ಸಿಗುವುದೇ ಇಲ್ಲ. ಸಾಧ್ಯವಾದುದೆಲ್ಲವೂ ಯುಕ್ತವೇ ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು.

ವ್ಲಾದಿಮಿರ್ ಹೊರೊವಿಟ್ಸ್ 20ನೆಯ ಶತಮಾನದ ಅಗ್ರಗಣ್ಯ ಪಿಯಾನೋ ವಾದಕರಲ್ಲೊಬ್ಬನು. 1953ರಲ್ಲಿ ಅವನು ಕಚೇರಿಗಳಿಂದ ದೂರ ಸರಿದನು. ಹನ್ನೆರಡು ವರ್ಷಗಳ ಬಳಿಕ, 1965ರ ಮೇ 9ರಂದು, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವನು ಮತ್ತೆ ಸಭೆಯ ಮುಂದೆ ಬಂದನು. ಟಿಕೆಟ್ಟಿಗಾಗಿ ಜನರು ರಾತ್ರಿಯಿಡೀ ಸಾಲುಗಟ್ಟಿ ನಿಂತಿದ್ದರು. ನಿರೀಕ್ಷೆಯ ಭಾರ ಎಷ್ಟಿತ್ತೆಂಬುದು ಮೊದಲ ಕೃತಿಯ ಆರಂಭದಲ್ಲಿಯೇ ತಿಳಿಯುತ್ತದೆ. ಅಲ್ಲಿಯೇ ಅವನ ಬೆರಳು ಜಾರಿತು. ಮುಂದೆ ಶೂಮನ್ನನ ಕೃತಿಯೊಂದರಲ್ಲಿ, ಎರಡು ಕೈಗಳೂ ಏಕಕಾಲದಲ್ಲಿ ವಿರುದ್ಧ ದಿಕ್ಕುಗಳಿಗೆ ನೆಗೆಯಬೇಕಾದ ದುರ್ಗಮ ಘಟ್ಟದಲ್ಲಿ, ಮತ್ತೆ ಕೆಲವು ಸ್ವರಗಳು ತಪ್ಪಿದವು. ಆದರೂ ಅವನು ಧೃತಿಗೆಡದೆ ಮುನ್ನಡೆದು ಸಭೆಯನ್ನು ಗೆದ್ದನು. ಕಚೇರಿಯ ಗಾನಮುದ್ರಿಕೆ ಹೊರಬಂದಾಗ ಈ ತಪ್ಪುಗಳಲ್ಲಿ ಕೆಲವನ್ನು ತಿದ್ದಲಾಗಿತ್ತು. 2003ರಲ್ಲಿ ಅದೇ ಕಚೇರಿಯ ತಿದ್ದದ ಮುದ್ರಣವೂ ಪ್ರಕಟವಾಯಿತು. ಎರಡನ್ನೂ ಕೇಳಿದವರಿಗೆ ಒಂದು ಮಾತು ಮನವರಿಕೆಯಾಗುತ್ತದೆ. ತಿದ್ದಿದ ಮುದ್ರಣದಲ್ಲಿ ಒಬ್ಬ ಮಹಾವಾದಕನ ಕೌಶಲವಿದೆ. ತಿದ್ದದ ಮುದ್ರಣದಲ್ಲಿ ಆ ಕೌಶಲದೊಡನೆ, ಭಯವನ್ನು ಗೆದ್ದ ಒಬ್ಬ ಮನುಷ್ಯನೂ ಇದ್ದಾನೆ.

ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ಅಲ್ಲಗಳೆಯುವಂತಿಲ್ಲ. ಕೆನಡ ದೇಶದ ಶ್ರೇಷ್ಠ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿಯೇ, ಸಾರ್ವಜನಿಕ ಕಚೇರಿಗಳನ್ನು ತ್ಯಜಿಸಿದನು. ಧ್ವನಿಮುದ್ರಣ ಮಂದಿರದಲ್ಲಿ ಹಲವು ಬಾರಿ ನುಡಿಸಿ, ಉತ್ತಮ ಭಾಗಗಳನ್ನು ಆರಿಸಿ ಜೋಡಿಸುವುದು ವಂಚನೆಯಲ್ಲ, ಅದೂ ಒಂದು ಸೃಷ್ಟಿಕಾರ್ಯವೆಂಬುದು ಅವನ ವಾದ. ಬರೆಹಗಾರನು ತನ್ನ ವಾಕ್ಯವನ್ನು ತಿದ್ದಿ ತೀಡುವುದಿಲ್ಲವೆ? ಗೂಲ್ಡ್‌ನ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅವನು ತನ್ನ ಮುದ್ರಣಗಳನ್ನು ಕಚೇರಿಯೆಂದು ಕರೆಯಲಿಲ್ಲ. ಮಂದಿರದ ಮುದ್ರಣ ವಾದಕನು ಬಯಸಿದುದನ್ನು ತಿಳಿಸುತ್ತದೆ. ಕಚೇರಿಯ ಮುದ್ರಣ ನಿಜವಾಗಿ ನಡೆದುದನ್ನು ತಿಳಿಸಬೇಕು. ಎರಡಕ್ಕೂ ಬೆಲೆಯುಂಟು, ಒಂದನ್ನು ಇನ್ನೊಂದೆಂದು ಹೇಳುವುದಷ್ಟೆ ಸಲ್ಲದು.

ನಡೆದುದನ್ನು ನಡೆದಂತೆ ಉಳಿಸುವುದರ ಬೆಲೆಯನ್ನು ಡಿನು ಲಿಪಾಟಿಯ ಕೊನೆಯ ಕಚೇರಿ ತೋರಿಸಿಕೊಡುತ್ತದೆ. ಲಿಪಾಟಿ 1917ರಲ್ಲಿ ರುಮೇನಿಯದ ಬುಖಾರೆಸ್ಟ್ ನಗರದಲ್ಲಿ ಜನಿಸಿದನು. ಯೌವನದಲ್ಲಿಯೇ ಕೀರ್ತಿಶಾಲಿಯಾದ ಅವನಿಗೆ ರಕ್ತಕ್ಕೆ ಸಂಬಂಧಿಸಿದ ಮಾರಕ ವ್ಯಾಧಿ ತಗುಲಿತು. 1950ರ ಬೇಸಗೆಯಲ್ಲಿ ಹೊಸ ಔಷಧವೊಂದರಿಂದ ಸ್ವಲ್ಪ ಚೇತರಿಸಿಕೊಂಡು ಜಿನೀವಾದಲ್ಲಿ ಹಲವು ಮುದ್ರಣಗಳನ್ನು ಪೂರೈಸಿದನು. ಆದರೆ ಆ ಚೇತರಿಕೆ ಬಹುಕಾಲ ನಿಲ್ಲಲಿಲ್ಲ. ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಜಾನ್ಸೋನ್ ನಗರದ ಸಂಗೀತೋತ್ಸವದಲ್ಲಿ ನುಡಿಸುವುದಾಗಿ ಅವನು ಒಪ್ಪಿಕೊಂಡಿದ್ದನು. ಆ ದಿನ ಬಂದಾಗ ಅವನಲ್ಲಿ ನಿಲ್ಲುವ ತ್ರಾಣವೂ ಸಾಲದಾಗಿತ್ತು. ವೈದ್ಯರು ಬೇಡವೆಂದರು. ಕೊಟ್ಟ ಮಾತಿಗೆ ತಪ್ಪಲಾರೆನೆಂದು ಲಿಪಾಟಿ ವೇದಿಕೆಯೇರಿದನು.

ಬಾಖ್, ಮೊಟ್ಸಾರ್ಟ್, ಶೂಬರ್ಟ್ ಇವರ ಕೃತಿಗಳನ್ನು ಅವನು ಸ್ಫಟಿಕದಂತೆ ಶುಭ್ರವಾಗಿ ನುಡಿಸಿದನು. ಕೊನೆಯದಾಗಿ ಶೋಪಾನನ ‘ವಾಲ್ಟ್ಸ್’ ಎಂಬ 14 ನೃತ್ಯಲಯದ ಕೃತಿಗಳು ನಿಗದಿಯಾಗಿದ್ದವು. ಒಂದಾದ ಮೇಲೊಂದರಂತೆ 13 ಮುಗಿದವು. ಹದಿನಾಲ್ಕನೆಯದನ್ನು ನುಡಿಸಲು ಅವನ ಕೈಗಳಲ್ಲಿ ಬಲ ಉಳಿದಿರಲಿಲ್ಲ. ಎರಡೂವರೆ ತಿಂಗಳುಗಳ ಬಳಿಕ, ಡಿಸೆಂಬರ್ 2ರಂದು, ಅವನು ಕೊನೆಯುಸಿರೆಳೆದನು. ಆಗ ಅವನ ವಯಸ್ಸು ಕೇವಲ 33.

ಅಂದಿನ ಕಚೇರಿಯನ್ನು ಫ್ರೆಂಚ್ ರೇಡಿಯೋ ಮುದ್ರಿಸಿಕೊಂಡಿತ್ತು. ಮೊದಲ ಕೃತಿಯನ್ನು ಆರಂಭಿಸುವ ಮುನ್ನ ಲಿಪಾಟಿ ವಾದ್ಯವನ್ನು ಮಾತನಾಡಿಸುವಂತೆ ಕೀಲಿಗಳ ಮೇಲೆ ಒಮ್ಮೆ ಬೆರಳಾಡಿಸಿದುದೂ ಅದರಲ್ಲಿ ಉಳಿದಿದೆ. ಆ ವಾಲ್ಟ್ಸ್‌ಗಳೆಲ್ಲವನ್ನೂ ಅವನು ಕೆಲವೇ ವಾರಗಳ ಹಿಂದೆ ಜಿನೀವಾದಲ್ಲಿ ನುಡಿಸಿ ಮುದ್ರಿಸಿದ್ದನು. ಬೆಜಾನ್ಸೋನಿನಲ್ಲಿ ಬಿಟ್ಟುಹೋದುದನ್ನು ಅಲ್ಲಿಂದ ತಂದು ಸೇರಿಸಿ ಕಚೇರಿಯನ್ನು ಪೂರ್ಣವೆಂದು ತೋರಿಸುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಹಾಗೆ ಮಾಡಲಿಲ್ಲ. ಗಾನಮುದ್ರಿಕೆಯಾಗಿ ಜನರ ಕೈ ಸೇರಿದಾಗಲೂ ಅದು ಹದಿಮೂರಕ್ಕೇ ನಿಂತಿತ್ತು. ಪೂರ್ಣವಾದ ಜಿನೀವಾ ಮುದ್ರಣ ಸುಂದರವಾಗಿದೆ. ಅಪೂರ್ಣವಾದ ಬೆಜಾನ್ಸೋನ್ ಮುದ್ರಣ, ಸಾವಿನ ಹೊಸ್ತಿಲಲ್ಲಿಯೂ ಮಾತಿಗೆ ತಪ್ಪದೆ ನಡೆದ ಒಂದು ಜೀವದ ಸಾಕ್ಷಿಯಾಗಿದೆ.

ಕಚೇರಿಯ ಧ್ವನಿಮುದ್ರಣಕಾರನ ಹೆಸರನ್ನು ಕೇಳಿದವರು ವಿರಳ. ಚಪ್ಪಾಳೆ ವಾದಕನಿಗೆ ಸಲ್ಲುತ್ತದೆ. ಅವನು ಮರೆಯ ಕೋಣೆಯಲ್ಲಿ ಕುಳಿತು ಮಾಪಕದ ಮುಳ್ಳನ್ನು ದಿಟ್ಟಿಸುತ್ತಿರುತ್ತಾನೆ. ತಂತಿಗೂ ಗೋಡೆಗೂ ನಡುವಣ ಸರಿಯಾದ ಅಂತರವನ್ನು ಬಲ್ಲವನು ಒಳ್ಳೆಯ ಕುಶಲಿ. ಯಾವುದು ಯಂತ್ರದ ದೋಷ, ಯಾವುದು ಜೀವದ ಗುರುತು ಎಂಬ ವಿವೇಚನೆಯುಳ್ಳವನು, ಮೊದಲನೆಯದನ್ನು ನೀಗಿಸಿ ಎರಡನೆಯದನ್ನು ಕಾಪಾಡುವವನು, ಅದಕ್ಕಿಂತ ದೊಡ್ಡವನು. ಸೋಫಿಯಾದ ಕೆಮ್ಮು, ಕಾರ್ನೆಗಿ ಹಾಲ್‌ನ ಜಾರಿದ ಬೆರಳು, ಬೆಜಾನ್ಸೋನಿನ ಮೌನ ಇವು ನಮಗೆ ಉಳಿದುಬಂದಿರುವುದು ಅಂತಹ ವಿವೇಚನೆಯಿಂದಲೇ. ನಡೆದುದನ್ನು ನಡೆದಂತೆಯೇ ಮುಂದಿನವರಿಗೆ ತಲಪಿಸುವುದೂ ಒಂದು ಸತ್ಯನಿಷ್ಠೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಿಯಾನೋವನ್ನು ರೂಪಿಸಿದವರು ಯಾರು?
2. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊ ಕೃತಿಯನ್ನು ಯಾರಿಗೆ ಅರ್ಪಿಸಿದನು?
3. ಗ್ಲೆನ್ ಗೂಲ್ಡ್ ಯಾವ ವರ್ಷ ಸಾರ್ವಜನಿಕ ಕಚೇರಿಗಳನ್ನು ತ್ಯಜಿಸಿದನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೈಕ್ರೋಫೋನನ್ನು ವಾದ್ಯಕ್ಕೆ ತೀರ ಹತ್ತಿರ ಅಥವಾ ಬಹಳ ದೂರ ಇರಿಸಿದರೆ ಆಗುವ ತೊಂದರೆಗಳೇನು?
2. ಬರಿದಾದ ಸಭಾಂಗಣದಲ್ಲಿ ನಿಶ್ಚಯಿಸಿದ ಧ್ವನಿ ಸಂಜೆ ಬದಲಾಗುವುದೇಕೆ?

ಇ) ಸಂದರ್ಭದೊಡನೆ ವಿವರಿಸಿರಿ.
1. “ಮೈಕ್ರೋಫೋನಿಗೆ ಕಿವಿಯುಂಟು, ಮನಸ್ಸಿಲ್ಲ.”
2. “ಭಯವನ್ನು ಗೆದ್ದ ಒಬ್ಬ ಮನುಷ್ಯನೂ ಇದ್ದಾನೆ.”

ಈ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲಿಪಾಟಿಯ ಕೊನೆಯ ಕಚೇರಿಯನ್ನು ವರ್ಣಿಸಿ, ಅದರ ಮುದ್ರಣವನ್ನು ಅಪೂರ್ಣವಾಗಿಯೇ ಉಳಿಸಿದುದು ಸರಿಯೇ ಎಂಬುದನ್ನು ಚರ್ಚಿಸಿರಿ.